ಐಸಿನ ಅಕ್ಕೋರು

ನಮ್ಮ ಕೋಚ್ ಅವರ ಎಡಗೈಯ ಕಿರುಬೆರಳು ನಡುಗೆಣ್ಣಿನಲ್ಲಿ ಮುರಿದು ಹೊರಕ್ಕೆ ತಿರುಗಿಕೊಂಡಿತ್ತು. ಅವರು ಕೈ ಎತ್ತಿ ಒಂದು ದಿಕ್ಕು ತೋರಿಸಿದರೆ ಆ ಬೆರಳು ಇನ್ನೊಂದು ದಿಕ್ಕು ತೋರಿಸುತ್ತಿತ್ತು. ಹೊಸದಾಗಿ ಸೇರಿದವರು ಬೆರಳನ್ನು ನಂಬಿ ಐಸಿನ ಮೇಲೆ ತಪ್ಪು ಕಡೆಗೆ ಜಾರಿ ಹೋಗುತ್ತಿದ್ದರು. ಹಳಬರು ಅಂಗೈಯನ್ನಷ್ಟೇ ನೋಡುತ್ತಿದ್ದರು. ಆ ಕೈಯನ್ನು ನನ್ನ ಕಾಲಿನ ಕಡೆ ಚಾಚಿ ಅವರು ನನಗೆ ಹೇಳಿದ ಮೊದಲ ಮಾತು, "ನಮ್ಮ ತಂಡಕ್ಕೆ ನೀನು ಆಗೋದಿಲ್ಲ."

ಅದೇ ವಾರ ಮನೆಯಲ್ಲಿ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಅಪ್ಪನ ಮುಂದೆ ಇನ್ನೊಂದು ಮಾತು ಹೇಳಿದಳು. "ಐಸಿನ ಮ್ಯಾಲೆ ಜಾರಾಕ ಹೋಗೂ ಹುಡುಗಿ ಡಿಗ್ರಿ ಮುಗಸೂದಿಲ್ಲ. ಬೇಕಾದ್ರ ಬರದಿಟ್ಕೋ."

ಇಬ್ಬರ ಮಾತೂ ಸುಳ್ಳಾಯಿತು. ಆದರೆ ಹೇಳಿದ ದಿನ ಎರಡರಲ್ಲೂ ಹುರುಳಿತ್ತು.

ನಮ್ಮದು ವಿಜಯಪುರದ ಕಡೆಯ ಮನೆತನ, ವಾಸ ಲಂಡನ್ನಿನ ಕೆಂಟನ್‌ನಲ್ಲಿ. ಅಪ್ಪ ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅತ್ತೆ ಮದುವೆಯಾಗಿ ನಮಗಿಂತ ಮೊದಲೇ ಲಂಡನ್ನಿಗೆ ಬಂದವಳು. ಅದೇ ಪಾರ್ಕ್ ರಾಯಲ್‌ನಲ್ಲಿ ಇನ್ನೊಂದು ಕಾರ್ಖಾನೆಗೆ ಹೋಗಿ ಇಪ್ಪತ್ತೆರಡು ವರ್ಷ ತಲೆಗೆ ಬಲೆ ಟೊಪ್ಪಿಗೆ ಹಾಕಿಕೊಂಡು ಸಮೋಸ ಮಡಚಿದಳು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ನಾನು ಸಿವಿಲ್ ಎಂಜಿನಿಯರಿಂಗಿಗೆ ಸೇರಿದಾಗ ಅದು ಏನು ಓದು ಎಂದು ಮನೆಯವರಿಗೆ ಗೊತ್ತಿರಲಿಲ್ಲ. ಮುಗಿಯಲೇಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಶನಿವಾರ, ಭಾನುವಾರ ನಾನು ಒಂದು ಐಸ್ ರಿಂಕಿನಲ್ಲಿ ಸ್ಕೇಟ್ಸ್ ಬಾಡಿಗೆಗೆ ಕೊಡುವ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಜನ ಬಿಚ್ಚಿಕೊಟ್ಟ ಒದ್ದೆ ಬೂಟುಗಳಿಗೆ ಸ್ಪ್ರೇ ಹೊಡೆದು ಸೈಜಿನ ಪ್ರಕಾರ ಗೂಡಿಗೆ ಸೇರಿಸುವ ಕೆಲಸ. ರಿಂಕ್ ಖಾಲಿಯಿದ್ದಾಗ ಕೆಲಸದವರು ಪುಕ್ಕಟೆ ಜಾರಬಹುದಿತ್ತು. ಶಾಲೆಯ ಕೊನೆಯ ವರ್ಷಗಳಲ್ಲೇ ಹಾಗೆ ಕಲಿತೆ, ಯಾರೂ ಕಲಿಸಲಿಲ್ಲ. ಬೆಳಿಗ್ಗೆ ಆರಕ್ಕೆ, ರಿಂಕ್ ಜನರಿಗೆ ತೆರೆಯುವ ಮೊದಲು, ಅಲ್ಲಿ ಒಂದು ತಂಡ ಅಭ್ಯಾಸ ಮಾಡುತ್ತಿತ್ತು. ಹದಿನಾರು ಹುಡುಗಿಯರು ಒಬ್ಬರ ಭುಜದ ಮೇಲೊಬ್ಬರು ಕೈಯಿಟ್ಟು ಸಾಲಾಗಿ, ಚಕ್ರವಾಗಿ, ಒಂದು ಸಾಲಿನೊಳಗಿಂದ ಇನ್ನೊಂದು ಸಾಲು ಹಾದು ಹೋಗುವಂತೆ ಸಂಗೀತಕ್ಕೆ ಜಾರಬೇಕು. ಎಲ್ಲರ ಕಾಲೂ ಒಂದೇ ಹೊತ್ತಿಗೆ ಎದ್ದು ಒಂದೇ ಹೊತ್ತಿಗೆ ಇಳಿಯಬೇಕು. ನಾನು ಬೂಟು ಜೋಡಿಸುವುದು ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದೆ. ಕಾಲೇಜಿನ ಎರಡನೇ ವರ್ಷ ಧೈರ್ಯ ಮಾಡಿ ತಂಡಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದೆ. ಕೋಚ್ ನನ್ನಿಂದ ಎರಡು ಸುತ್ತು ಹೊಡೆಸಿ ಆ ಮಾತು ಹೇಳಿದರು.

ಯಾಕೆ ಎಂದು ಕೇಳಿದೆ.

"ಜಾರೋದು ಚೆನ್ನಾಗಿದೆ. ಆದರೆ ಯಾರಿಗೂ ತಾಗದ ಹಾಗೆ ಜಾರೋದು ಕಲಿತಿದ್ದೀಯ. ಇಲ್ಲಿ ತಾಗಿಕೊಂಡೇ ಜಾರಬೇಕು."

ಎರಡು ವಾರದ ನಂತರ ಅವರೇ ಕೌಂಟರಿಗೆ ಬಂದರು. ತಂಡದ ರಿಸರ್ವ್, ಅಂದರೆ ಬದಲಿ ಹುಡುಗಿ, ಬಿಟ್ಟು ಹೋಗಿದ್ದಳು. "ಹದಿನೇಳನೆಯವಳಾಗಿ ಬರ್ತೀಯಾ? ಕ್ರಿಸ್ಮಸ್ ತನಕ ನೋಡ್ತೀನಿ," ಎಂದು ತಂಡದ ನಿಯಮಗಳ ಒಂದು ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರು. ಅಭ್ಯಾಸ ಆರಕ್ಕಿದ್ದರೆ ಕಾಲು ಗಂಟೆ ಮೊದಲೇ ಲೇಸು ಕಟ್ಟಿಕೊಂಡು ನಿಂತಿರಬೇಕು. ಕಪ್ಪು ಕೈಗವಸು. ಬಳೆ, ಉಂಗುರ ಇಲ್ಲ. ಕೂದಲು ಬಿಗಿಯಾದ ತುರುಬು. ಕಾಯಿಲೆಯಾದರೂ ಬಂದು ಪಕ್ಕದಲ್ಲಿ ಕೂತು ನೋಡಬೇಕು. ತನ್ನ ಕಾಲನ್ನು ತಾನು ನೋಡಿಕೊಳ್ಳಬಾರದು. ಹಿಡಿದ ಕೈ ಬಿಡಬಾರದು. ಕೊನೆಯ ಸಾಲನ್ನು ನನಗೆಂದೇ ಪೆನ್ನಿನಲ್ಲಿ ಬರೆದಿದ್ದರು: ರಿಸರ್ವ್ ಆದವಳಿಗೆ ಹದಿನಾರು ಜಾಗವೂ ಬರಬೇಕು. ಉಳಿದವರು ಒಂದು ಜಾಗ ಕಲಿತರೆ ಸಾಕು. ಐಸಿನ ಮೇಲೆ ಒಂದು ನಿಮಿಷವೂ ಸಿಗುತ್ತದೆಂಬ ಖಾತ್ರಿ ಇಲ್ಲದ ನಾನು ಎಲ್ಲವನ್ನೂ ಕಲಿಯಬೇಕು.

ಮೂವತ್ತು ವರ್ಷ ಲಂಡನ್ ಬಸ್ಸು ಓಡಿಸಿ ನಿವೃತ್ತರಾದ ಹೆಂಗಸು ಅವರು. ಸೊಂಟ ನೋವಿನಿಂದ ಸ್ಕೇಟ್ಸ್ ಹಾಕುತ್ತಿರಲಿಲ್ಲ. ಸಾಸಿವೆ ಬಣ್ಣದ ಉಣ್ಣೆ ಟೊಪ್ಪಿ ಹಾಕಿಕೊಂಡು ರಿಂಕಿನ ಸುತ್ತಲ ಕಟಕಟೆಗೆ ಒರಗಿ ನಿಂತು ಚಹಾದ ಫ್ಲಾಸ್ಕಿನ ಮುಚ್ಚಳದಿಂದ ತಾಳ ತಟ್ಟುತ್ತಿದ್ದರು. ದನಿ ಏರಿಸಿದ್ದು ನಾನು ಕೇಳಿಲ್ಲ. ತಡವಾಗಿ ಬಂದವರಿಗೆ, "ನನ್ನ ಬಸ್ಸು ನಿನಗೋಸ್ಕರ ಕಾಯ್ತಿರಲಿಲ್ಲ," ಎಂದು ಮನೆಗೆ ಕಳಿಸುತ್ತಿದ್ದರು. ಚೆನ್ನಾಗಿ ಮಾಡಿದರೆ "ಹೂಂ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಒಬ್ಬಳು ಜ್ವರ ಬಂದು ಪಕ್ಕದಲ್ಲಿ ಕೂತಳು. ನಾನು ಒಂಬತ್ತನೇ ಜಾಗಕ್ಕೆ ಹೋದೆ. ಚಕ್ರದ ಎರಡನೇ ಸುತ್ತಿನಲ್ಲಿ ನನ್ನ ಸ್ಕೇಟಿನ ತುದಿ ಪಕ್ಕದವಳ ಬೂಟಿಗೆ ತಾಗಿತು. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಮ್ಮ ಮನೆಯಲ್ಲಿ ಮಕ್ಕಳಿಗೆ ನಡೆಯಲು ಬಂದ ವರ್ಷವೇ ಕಲಿಸುತ್ತಾರೆ. ಟ್ಯೂಬ್ ರೈಲಿನಲ್ಲಿ ಅಪರಿಚಿತರಿಗೆ ತಾಗಿದರೂ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಅವತ್ತೂ ಹೋಯಿತು. ಪಕ್ಕದವಳ ಭುಜದಿಂದ ಕೈ ತೆಗೆದು, ಬಗ್ಗಿ, ಅವಳ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ವೇಗದಲ್ಲಿ ತಿರುಗುತ್ತಿದ್ದ ಚಕ್ರ ಅಲ್ಲೇ ಕಡಿದುಹೋಯಿತು. ನಾನೂ ಸೇರಿ ಐದು ಜನ ಬಿದ್ದೆವು. ಗಾಬರಿಯಿಂದ ಎದ್ದು ನಾನು ಬಿದ್ದ ಜಾಗಕ್ಕೇ ಹೋಗಿ ನಿಂತೆ. ಅಷ್ಟರಲ್ಲಿ ಉಳಿದ ಸಾಲು ರಿಂಕಿನ ಆ ತುದಿಯಲ್ಲಿತ್ತು.

ಕೋಚ್ ಸಂಗೀತ ಮುಗಿಯುವ ತನಕ ತಾಳ ತಟ್ಟಿದರು. ಆಮೇಲೆ ಕರೆದರು.

"ಕೈಯಲ್ಲಿ ಅದೇನು ಮಾಡಿದೆ?"

ವಿವರಿಸಿದೆ. ಯಾರೋ ನಕ್ಕರು. ಕೋಚ್ ನಗಲಿಲ್ಲ.

"ಒಳ್ಳೆ ಪದ್ಧತಿ. ಬೇಕಾದಷ್ಟು ಮಾಡು, ಸಂಗೀತ ನಿಂತ ಮೇಲೆ. ನಡುವೆ ನಿಂತು ಕ್ಷಮೆ ಕೇಳಿದರೆ ಬಾಕಿ ಹದಿನೈದು ಜನಕ್ಕೆ ತೊಂದರೆ. ಇನ್ನೊಂದು. ಎದ್ದವಳು ಬಿದ್ದ ಜಾಗಕ್ಕೆ ಯಾಕೆ ಹೋದೆ? ಅಲ್ಲಿ ಯಾರಿದ್ದರು? ಎದ್ದ ಕೂಡಲೇ ಸಾಲು ಈಗ ಎಲ್ಲಿದೆ ನೋಡು. ಅಲ್ಲಿಗೆ ಹೋಗು."

ತಂಡದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ, ತೆಗೆಯಲಿಲ್ಲ. ಕ್ರೋಯ್ಡನ್‌ನಿಂದ ಬರುತ್ತಿದ್ದ ಕೆಂಪು ಕೂದಲಿನ ಹುಡುಗಿಯೊಬ್ಬಳು ಮರುದಿನ ಅಭ್ಯಾಸ ಮುಗಿದ ಮೇಲೆ ತಮಾಷೆಗೆ ನನ್ನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡು, "ಇವತ್ತು ನಿನಗೆ ಎರಡು ಸಲ ಒದ್ದಿದ್ದೀನಿ," ಅಂದಳು. ಕ್ರಮೇಣ ಅದು ಎಲ್ಲರ ರೂಢಿಯಾಯಿತು. ತಮಾಷೆ ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಅತ್ತೆಗೂ ಕೋಚ್ ಅವರಿಗೂ ಜಗಳ ಹತ್ತಿದ್ದು ಕೊಬ್ಬರಿ ಎಣ್ಣೆಯಿಂದ. ಅತ್ತೆ ಪ್ರತಿ ರಾತ್ರಿ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಆ ಕೂದಲಿನಲ್ಲಿ ಪಿನ್ನು ನಿಲ್ಲುತ್ತಿರಲಿಲ್ಲ, ತುರುಬು ಜಾರುತ್ತಿತ್ತು. ಎಣ್ಣೆ ನಿಲ್ಲಿಸು ಎಂದು ಕೋಚ್ ಹೇಳಿದ್ದನ್ನು ಮನೆಯಲ್ಲಿ ಹೇಳಿದೆ.

"ಯಾರಕಿ? ನನ್ನ ಸೊಸಿ ತಲಿಗೆ ಎಣ್ಣಿ ಹಚಬ್ಯಾಡ ಅನ್ನಾಕ ಆಕಿ ಯಾರು?" ಎಂದು ಅತ್ತೆ ಮರುದಿನ ಬೆಳಿಗ್ಗೆ ನನ್ನ ಜೊತೆ ಹೊರಟೇ ಬಿಟ್ಟಳು. ಇಳಕಲ್ ಸೀರೆ, ಅದರ ಮೇಲೆ ಅಪ್ಪನ ಜಾಕೆಟ್ಟು, ಕಾಲುಚೀಲದ ಮೇಲೆ ಚಪ್ಪಲಿ. ರಿಂಕಿನ ಬಾಗಿಲು ದಾಟಿದ ಕೂಡಲೇ, "ಯವ್ವಾ, ಇದು ನಮ್ಮ ಕೋಲ್ಡ್ ಸ್ಟೋರು ಇದ್ದಂಗ ಐತಲ್ಲೇ," ಅಂದಳು. ನೇರ ಕೋಚ್ ಎದುರು ಹೋಗಿ ನಿಂತು ತನ್ನ ಕಾರ್ಖಾನೆಯ ಇಂಗ್ಲಿಷಿನಲ್ಲಿ ಕೇಳಿದಳು: "ನೋ ಆಯಿಲ್, ವೈ?"

ಕೋಚ್ ಜೇಬಿನಿಂದ ಒಂದು ಪಿನ್ನು ತೆಗೆದು ತೋರಿಸಿದರು. ಇದು ಐಸಿನ ಮೇಲೆ ಬಿದ್ದರೆ ಬ್ಲೇಡಿಗೆ ಸಿಕ್ಕಿ ಯಾರಾದರೂ ಮುಖ ಅಡಿಯಾಗಿ ಬೀಳುತ್ತಾರೆ ಎಂದು ಕೈಸನ್ನೆಯಲ್ಲೇ ವಿವರಿಸಿದರು. ಅತ್ತೆ ಪಿನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸಿಟ್ಟು ಇಳಿಯಿತು.

"ಸೇಮ್ ಸಮೋಸ," ಅಂದಳು. "ವನ್ ಹೇರ್, ಹೋಲ್ ಬ್ಯಾಚ್ ಬಿನ್." ಕಾರ್ಖಾನೆಯಲ್ಲಿ ಒಂದು ಕೂದಲು ಸಿಕ್ಕರೂ ಆ ಕಂತಿನ ಸಮೋಸವೆಲ್ಲ ಕಸಕ್ಕೆ.

"ಎಕ್ಸಾಕ್ಟ್ಲಿ," ಎಂದರು ಕೋಚ್.

ಅತ್ತೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಟಿಶ್ಯೂ ತಂದು ಎಣ್ಣೆ ಒರೆಸಿ, ಕೂದಲು ಎಳೆದು, ನಾಲ್ಕೇ ಪಿನ್ನಿನಲ್ಲಿ ತುರುಬು ಕಟ್ಟಿದಳು. ಇಪ್ಪತ್ತೆರಡು ವರ್ಷ ಬಲೆ ಟೊಪ್ಪಿಗೆಯೊಳಗೆ ಒಂದು ಎಳೆಯೂ ಹೊರಬರದಂತೆ ಕಟ್ಟಿದ ಕೈ ಅದು. ಕೋಚ್ ಆ ತುರುಬನ್ನು ಹಿಡಿದು ಅಲ್ಲಾಡಿಸಿದರು. ನನ್ನ ತಲೆ ಅಲ್ಲಾಡಿತು, ತುರುಬು ಅಲ್ಲಾಡಲಿಲ್ಲ. "ಹೂಂ," ಎಂದರು. ನಾನು ಸೇರಿ ನಾಲ್ಕು ತಿಂಗಳಾದರೂ ನನಗೆ ಸಿಗದಿದ್ದ "ಹೂಂ" ಅತ್ತೆಗೆ ಐದೇ ನಿಮಿಷಕ್ಕೆ ಸಿಕ್ಕಿತು.

ಆ ಹೊತ್ತಿನಲ್ಲೇ ಅತ್ತೆ ನಾವ್ಯಾರೂ ಕೇಳಲು ಹೆದರುತ್ತಿದ್ದ ಪ್ರಶ್ನೆಯನ್ನೂ ಕೇಳಿದಳು. "ಫಿಂಗರ್, ವಾಟ್ ಹ್ಯಾಪನ್?" ಸ್ಪರ್ಧೆಯಲ್ಲಿ ಬೆರಳಿನ ಮೇಲೆ ಸ್ಕೇಟಿನ ಬ್ಲೇಡು ಹತ್ತಿ ಹೋಯಿತು, ಆದರೂ ಅವರು ಕೈ ಬಿಡಲಿಲ್ಲ ಎಂಬ ಕಥೆ ತಂಡದಲ್ಲಿ ಓಡಾಡುತ್ತಿತ್ತು.

"ಕಾರಿನ ಬಾಗಿಲು," ಎಂದರು ಕೋಚ್.

ಅಂದಿನಿಂದ ಅತ್ತೆಗೆ ಅವರು 'ಐಸಿನ ಅಕ್ಕೋರು' ಆದರು. ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವುದು ಹಾಗೆಯೇ. ವಸಂತದಲ್ಲಿ ಸ್ಪರ್ಧೆಯ ದಿನ ಹದಿನೇಳು ತುರುಬೂ ಅತ್ತೆಯವೇ. ಕಾಲು ಉಳುಕಿದ ಒಬ್ಬಳ ಬದಲು ನಾನು ಹನ್ನೊಂದನೇ ಜಾಗದಲ್ಲಿ ಜಾರಿದೆ. ಏಳು ತಂಡಗಳಲ್ಲಿ ನಮಗೆ ಆರನೇ ಸ್ಥಾನ ಬಂತು. "ಸುಮಾರು ನಲವತ್ತು ಸೆಕೆಂಡು ಹದಿನಾರು ಜನ ಒಬ್ಬಳಂತೆ ಕಂಡಿರಿ," ಎಂದರು ಕೋಚ್. "ಉಳಿದದ್ದು ಮುಂದಿನ ವರ್ಷಕ್ಕೆ." ಅತ್ತೆ ಮಾಡಿ ತಂದಿದ್ದ ಶೇಂಗಾ ಹೋಳಿಗೆಯ ಡಬ್ಬಿ ಅವರ ಕೈಗೆ ಹೋದದ್ದು ತಿರುಗಿ ಬರಲಿಲ್ಲ.

ಜೂನಿನಲ್ಲಿ ಫಲಿತಾಂಶ ಬಂತು. ನಾನು ಎರಡು ವಿಷಯದಲ್ಲಿ ಫೇಲಾಗಿದ್ದೆ. ಮನೆಯಲ್ಲಿ ಹೇಳಲಿಲ್ಲ. ಬರೆದಿಟ್ಟುಕೋ ಎಂದಿದ್ದ ಅತ್ತೆಯ ಮಾತು ನಿಜವಾಯಿತು ಎಂದು ಒಪ್ಪಿಕೊಳ್ಳುವುದು ಒಂದು ಕಷ್ಟ. ಡಬಲ್ ಶಿಫ್ಟ್ ಮಾಡಿ ಬಂದ ಅಪ್ಪನ ಮುಖ ನೋಡುವುದು ಇನ್ನೊಂದು. ಯೂನಿವರ್ಸಿಟಿಯಿಂದ ಬಂದ ಮೇಲ್‌ಗಳನ್ನು ತೆರೆಯಲಿಲ್ಲ. ಅಭ್ಯಾಸಕ್ಕೂ ಮೂರು ದಿನ ಹೋಗಲಿಲ್ಲ. ನಾಲ್ಕನೇ ದಿನ ಶನಿವಾರ, ಕೌಂಟರಿನ ಕೆಲಸ ತಪ್ಪಿಸುವಂತಿರಲಿಲ್ಲ. ಕೋಚ್ ಬಂದು ನಿಂತರು.

"ಕಾಯಿಲೆಯಾ?"

"ಇಲ್ಲ. ಪರೀಕ್ಷೆಯಲ್ಲಿ ಬಿದ್ದೆ. ಎಲ್ಲರಿಗೂ ಮೋಸ ಮಾಡಿದ ಹಾಗೆ ಆಯ್ತು. ಬಿಟ್ಟುಬಿಡ್ತೀನಿ, ಇದನ್ನೂ, ಅದನ್ನೂ."

ಸಮಾಧಾನ ಹೇಳುತ್ತಾರೆಂದು ಕಾದೆ.

"ಸಾಲು ಈಗ ಎಲ್ಲಿದೆ?" ಎಂದು ಕೇಳಿದರು.

ನಾನು ರಿಂಕಿನ ಕಡೆ ನೋಡಿದೆ. ಅವರು ಇನ್ನೊಮ್ಮೆ ಕೇಳಿದಾಗ ತೆರೆಯದೆ ಬಿಟ್ಟ ಯೂನಿವರ್ಸಿಟಿಯ ಮೇಲ್ ನೆನಪಾಯಿತು. ಅಲ್ಲೇ ಫೋನ್ ತೆಗೆದು ಮೇಲ್ ತೆರೆದೆ. ಎರಡೂ ವಿಷಯ ಆಗಸ್ಟಿನಲ್ಲಿ ಮತ್ತೆ ಬರೆಯಬಹುದಿತ್ತು. ಅರ್ಜಿಗೆ ಸೋಮವಾರವೇ ಕೊನೆ.

"ಹಾಗಾದರೆ ಅಲ್ಲಿದೆ. ಹೋಗಿ ಸೇರಿಕೋ. ಮನೆಯವರ ಕಾಲು ಮುಟ್ಟೋದು ಆಮೇಲೆ."

ಅರ್ಜಿಯನ್ನು ಕೌಂಟರಿನ ಹಿಂದೆಯೇ ಕಳಿಸಿದೆ. ಬೇಸಿಗೆಯಿಡೀ ಅಭ್ಯಾಸದ ನಂತರ ಒಂದು ಗಂಟೆ ರಿಂಕಿನ ಕೆಫೆಯಲ್ಲಿ ಕೂತು ಲೆಕ್ಕ ಮಾಡಬೇಕೆಂದು ಆಜ್ಞೆಯಾಯಿತು. ಅವರಿಗೆ ಗಣಿತ ಬರುತ್ತಿರಲಿಲ್ಲ. ಎದುರಿಗೆ ಕೂತು ಚಹಾ ಕುಡಿಯುತ್ತಾ, ನಾನು ಪೆನ್ನು ನಿಲ್ಲಿಸಿದರೆ ಮುಚ್ಚಳ ತಟ್ಟುತ್ತಿದ್ದರು. ಎರಡೂ ಪಾಸಾದ ಮೇಲೆಯೇ ಮನೆಯಲ್ಲಿ ಹೇಳಿದೆ. ಅಪ್ಪ ನನ್ನ ಫೋನ್ ಇಸಿದುಕೊಂಡು ಫಲಿತಾಂಶ ನೋಡಿದ. ಅತ್ತೆ, "ಅಕ್ಕೋರಿಗೆ ಗೊತ್ತಿತ್ತು, ನನಗ ಗೊತ್ತಿರಲಿಲ್ಲ, ಹೌದಿಲ್ಲೋ?" ಎಂದು ಎರಡು ದಿನ ಮುನಿಸಿಕೊಂಡಳು. ಮೂರನೇ ದಿನ ಹೋಳಿಗೆ ಮಾಡಿದಳು. ಅದೂ ರಿಂಕಿಗೇ ಹೋಯಿತು.

ನನ್ನ ಕೊನೆಯ ವರ್ಷದ ಶುರುವಿನಲ್ಲೇ ಕೋಚ್ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಚಳಿಗಾಲದಲ್ಲಿ ನಾನು ನೋಡಲು ಆಸ್ಪತ್ರೆಗೆ ಹೋದಾಗ ಆ ಸಾಸಿವೆ ಬಣ್ಣದ ಟೊಪ್ಪಿಯೊಳಗೆ ಅವರ ಮುಖ ಸಣ್ಣದಾಗಿತ್ತು. ತಂಡದ ಸುದ್ದಿ ಕೇಳಲಿಲ್ಲ. "ನಿನ್ನ ಸಾಲು ಎಲ್ಲಿದೆ?" ಎಂದರು. ಪ್ರಾಜೆಕ್ಟಿನ ಎರಡು ಅಧ್ಯಾಯ ಬಾಕಿ ಎಂದೆ. "ಹೂಂ," ಎಂದರು. ಅದು ನನಗೆ ಸಿಕ್ಕ ಮೂರನೆಯದು. ಅದೇ ಕೊನೆಯದೂ ಆಯಿತು. ಫೆಬ್ರುವರಿಯಲ್ಲಿ ತೀರಿಕೊಂಡರು.

ಅಂತ್ಯಕ್ರಿಯೆಯ ದಿನ ಬೆಳಿಗ್ಗೆ ಹುಡುಗಿಯರೆಲ್ಲ ಕೆಂಟನ್‌ನ ನಮ್ಮ ಅಡುಗೆಮನೆಗೆ ಬಂದರು. ಯಾರೂ ಹೇಳಿಕಳಿಸಿರಲಿಲ್ಲ. ಅತ್ತೆ ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ ತುರುಬು ಕಟ್ಟಿದಳು. ಕಪ್ಪು ಕೈಗವಸು ಹಾಕಿಕೊಂಡು ಹೋದೆವು. ಕಾಲು ಗಂಟೆ ಮೊದಲೇ ಅಲ್ಲಿದ್ದೆವು.

ಜುಲೈನಲ್ಲಿ ಪದವಿ ಪ್ರದಾನ. ಅಪ್ಪ ರಜೆ ಹಾಕಿ ಸೂಟು ಹೊಲಿಸಿಕೊಂಡಿದ್ದ. ನಾನು ವೇದಿಕೆ ಹತ್ತಿ, ಸರ್ಟಿಫಿಕೇಟು ತೆಗೆದುಕೊಂಡು, ನನ್ನ ಕಾಲನ್ನು ನೋಡಿಕೊಳ್ಳದೆ ಇಳಿದು ಬಂದೆ. ಅಪ್ಪ ಅದನ್ನು ಮುಟ್ಟಲಿಲ್ಲ, ಕೈ ಬೆವೆತಿದೆ ಎಂದ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದೇ ಸಾಲಿನ ಮೇಲೆ ಸರಿಸಿದಳು.

"ನಿನ್ನ ಹೆಸರು ಎಲ್ಲೈತಿ?"

ತೋರಿಸಿದೆ.

"ಅಕ್ಕೋರ ಹೆಸರು?"

"ಅದು ಇದರಾಗ ಬರೂದಿಲ್ಲ, ಅತ್ತಿ."

ಅವಳು ಕಾಗದವನ್ನು ತಿರುಗಿಸಿ ಹಿಂದಿನ ಬದಿಯನ್ನೂ ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು.

"ಎಲ್ಲಾ ಬರದಾರ," ಅಂದಳು. "ಅದೊಂದು ಬಿಟ್ಟಾರ ನೋಡು."