ಕೊನೆಯ ಪಂಕ್ತಿಯ ರುದ್ರಪ್ಪನವರು

ರುದ್ರಪ್ಪನವರು ಇಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ನಲವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಪಕ್ಕದಲ್ಲಿ ನಿಂತು ಅವರ ಎರಡೂ ಕಿವಿ ಮಂದವಾಗಿದ್ದವು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ಬಗ್ಗಿ ನಿಂತುಬಿಡುತ್ತಿದ್ದರು. ಸದ್ದು ದವಡೆಯ ಮೂಳೆ ಹಿಡಿದು ತಲೆಯೊಳಗೆ ಹೋಗುತ್ತದಂತೆ. ಮದುವೆಗೆ ಬಂದ ನೆಂಟರು ಆ ಭಂಗಿ ಕಂಡು, ಮೈಮೇಲೆ ದೇವರು ಬಂದಿರಬೇಕೆಂದು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು.

ನಾನು ಬಸವನಗುಡಿಯ ಒಂದು ಹಳೆಯ ಮದುವೆ ಛತ್ರದ ಮ್ಯಾನೇಜರು. ಅಂದರೆ ಚಿಂತೆ ಮಾಡುವುದೇ ನನ್ನ ಉದ್ಯೋಗ. ನೀರು ಬರುತ್ತದೋ, ಗ್ಯಾಸು ಸಾಲುತ್ತದೋ, ಗಂಡಿನ ಕಡೆಯವರು ಉಪ್ಪಿಟ್ಟಿನ ವಿಷಯಕ್ಕೆ ಮುನಿಸಿಕೊಳ್ಳುತ್ತಾರೋ ಎಂದು ಇಪ್ಪತ್ತೆರಡು ವರ್ಷದಿಂದ ಚಿಂತಿಸುತ್ತಿದ್ದೇನೆ. ಚಿಂತಿಸಿದ್ದರಿಂದ ಯಾವುದೂ ಸರಿಹೋದ ನೆನಪಿಲ್ಲ. ಎಲ್ಲಕ್ಕಿಂತ ದೊಡ್ಡ ಚಿಂತೆ ಕರೆಂಟಿನದು. ಅದಕ್ಕೆಂದು ಹಿತ್ತಲ ಶೆಡ್ಡಿನಲ್ಲಿ ಕೈಯಿಂದ ಹ್ಯಾಂಡಲ್ ತಿರುಗಿಸಿ ಶುರುಮಾಡುವ ಎರಡು ಸಿಲಿಂಡರಿನ ಹಳೆಯ ಜನರೇಟರು ಇತ್ತು. ಅದಕ್ಕೆಂದು ರುದ್ರಪ್ಪನವರಿದ್ದರು.

ಶ್ರೀರಾಂಪುರದಿಂದ ಎರಡು ಬಸ್ಸು ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು ಬದಲಾಯಿಸಿಕೊಂಡು, ಪ್ರತಿ ಮದುವೆಯ ಹಿಂದಿನ ದಿನ ಬಂದು ಇಂಜಿನ್ ನೋಡಿ ಹೋಗುವರು. ಮಾರನೆಯ ದಿನ ಮುಹೂರ್ತಕ್ಕೆ ಮೊದಲೇ ಶೆಡ್ಡಿನ ಬಾಗಿಲಲ್ಲಿ ನಿಂತರೆ ಧಾರೆ ಮುಗಿಯುವ ತನಕ ಕದಲುತ್ತಿರಲಿಲ್ಲ. ಕರೆಂಟು ಇರಲಿ, ಹೋಗಲಿ. ಆಮೇಲೆ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ, ಸೋಪು ಹಾಕಿ ತೊಳೆದು, ಕೊನೆಯ ಪಂಕ್ತಿಯ ಕೊನೆಯ ಎಲೆಗೆ ಕೂರುವರು. ಅದು ಅವರ ಜಾಗ. ಬಡಿಸುವವರಿಗೂ ಗೊತ್ತಿತ್ತು.

ನನಗೆ ಡೀಸೆಲ್ ಇಂಜಿನ್ನಿನ ಪಾಠ ಹೇಳಿದ್ದು ಅವರೇ. ಕಿಡಿ ಕೊಡುವ ಪ್ಲಗ್ಗೇ ಇಲ್ಲದ ಇಂಜಿನ್ನು ಎಂದು ತಿಳಿದ ದಿನ ನಾನು, ಹಾಗಾದರೆ ಬೆಂಕಿ ಎಲ್ಲಿಂದ ಬರುತ್ತದೆ, ಶೆಡ್ಡಿಗೇ ಹತ್ತಿಕೊಂಡರೇನು ಗತಿ ಎಂದು ಶುರುಮಾಡಿದೆ. ಅವರು ಸೈಕಲ್ ಪಂಪು ತಂದು, ಅದರ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ನನ್ನ ಕೈಯಲ್ಲಿ ಇಪ್ಪತ್ತು ಸಲ ಒತ್ತಿಸಿದರು. ಆಮೇಲೆ ಪಂಪಿನ ಬುಡ ಮುಟ್ಟಿ ನೋಡಲು ಹೇಳಿದರು. ಸುಡುತ್ತಿತ್ತು.

"ಗಾಳೀನ ಹಿಂಡಿದ್ರೆ ಕಾಯ್ತದೆ, ಮ್ಯಾನೇಜ್ರೇ. ಇಪ್ಪತ್ತು ಚೊಂಬು ಗಾಳೀನ ಒಂದು ಚೊಂಬಿಗೆ ತುರುಕಿ, ಮೇಲೆ ಡೀಸೆಲ್‌ನ ಮಂಜಿನಂಗೆ ಚಿಮುಕ್ಸಿ. ಕಾದ ಬಾಣಲೆಗೆ ಸಾಸಿವೆ ಬಿದ್ದಂಗೆ ಚಟ್ ಅಂತದೆ. ಕಡ್ಡಿ ಗೀರೋಕೆ ಯಾರೂ ಬೇಡ."

ಯಾರೂ ಕಡ್ಡಿ ಗೀರದೆ, ಒತ್ತಡದಿಂದಲೇ ಉರಿಯುವ ಈ ಯಂತ್ರದ ಮೇಲೆ ನನಗೆ ಅಂದಿನಿಂದ ಒಂಥರಾ ನೆಂಟಸ್ತಿಕೆ ಹುಟ್ಟಿತು.

ಇಂಜಿನ್ನಿನ ವಂಶಾವಳಿಯನ್ನೂ ಅವರು ಮನೆತನದ ಕಥೆಯಂತೆ ಹೇಳುತ್ತಿದ್ದರು. ಮೊದಮೊದಲಿನವು ಕೋಣೆಯಷ್ಟು ದೊಡ್ಡವಂತೆ. ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ಗಾಳಿಯ ಬಲದಿಂದ ಊದಬೇಕಾಗಿದ್ದರಿಂದ, ಗಾಳಿ ಒತ್ತುವ ಇನ್ನೊಂದು ಯಂತ್ರ ಜೊತೆಗೇ ಬೇಕಿತ್ತು. ಹೀಗಾಗಿ ಮಿಲ್ಲು ಬಿಟ್ಟು ಹೊರಗೆ ಬರುವಂತಿರಲಿಲ್ಲ. ಅವರ ಗುರುಗಳ ಗುರುಗಳು ಅಂಥದ್ದರ ಚಕ್ರಕ್ಕೆ ಏಣಿ ಹಾಕಿ ಎಣ್ಣೆ ಬಿಡುತ್ತಿದ್ದರಂತೆ. ಆಮೇಲೆ ಹೆಬ್ಬೆರಳು ಗಾತ್ರದ ಒಂದು ಪಂಪು ಬಂತು. ಅದು ಎಣ್ಣೆಯನ್ನು ತಾನೇ ಒತ್ತಿ ಚಿಮ್ಮಿಸಿತು. ಇಂಜಿನ್ನು ಕೋಣೆಯಿಂದ ಇಳಿದು ಲಾರಿ ಹತ್ತಿತು, ಟ್ರ್ಯಾಕ್ಟರ್ ಹತ್ತಿತು, ನಮ್ಮ ಛತ್ರಕ್ಕೂ ಬಂತು. ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಜೇಬಿನ ತುಂಬ ಕಾಯಿ ತಂದು ಸುಲಿಯುತ್ತ, ಬಹಳ ಹಿಂದೆ ಇದು ಕಡಲೆಕಾಯಿ ಎಣ್ಣೆಯಲ್ಲೂ ಓಡಿದ್ದುಂಟು ಎಂದು ಅಡುಗೆ ಭಟ್ಟರನ್ನು ರೇಗಿಸುವರು. ಭಟ್ಟರು ಎಣ್ಣೆ ಡಬ್ಬ ಒಳಗಿಡುವರು. ಇದನ್ನು ಕಂಡುಹಿಡಿದವನು ಹಡಗಿನಲ್ಲಿ ಹೋಗುತ್ತ ರಾತ್ರಿ ಊಟ ಮುಗಿಸಿ ಕೋಣೆಗೆ ಹೋದವನು ಬೆಳಿಗ್ಗೆ ಇರಲಿಲ್ಲವೆಂಬ ಕಥೆಗೆ ಮಾತ್ರ ಅವರು ನಗುತ್ತಿರಲಿಲ್ಲ. "ಪಾಪ, ಊಟ ಆದ್ರೂ ಆಗಿತ್ತಲ್ಲ" ಎನ್ನುತ್ತಿದ್ದರು.

ಒಮ್ಮೆ ನನ್ನ ಹೆದರಿಕೆಯೇ ಮದುವೆ ಕೆಡಿಸುವುದರಲ್ಲಿತ್ತು. ಬೆಂಕಿಯ ಭಯಕ್ಕೆ ಟ್ಯಾಂಕಿನಲ್ಲಿ ಅರ್ಧದಷ್ಟೇ ಡೀಸೆಲ್ ಇಡಿಸಿದ್ದೆ. ಸರಿಯಾಗಿ ಮಾಂಗಲ್ಯಕ್ಕೆ ಮೊದಲು ಅದು ಮುಗಿದು, ಇಂಜಿನ್ನು ಕೆಮ್ಮಿ ನಿಂತಿತು. ಕ್ಯಾನು ತಂದು ಸುರಿದರೂ ಶುರುವಾಗಲಿಲ್ಲ. ಎಣ್ಣೆಯ ಪೈಪಿಗೆ ಗಾಳಿ ಹೊಕ್ಕಿತ್ತು. ರುದ್ರಪ್ಪನವರು ಪಂಪಿನ ಸ್ಕ್ರೂ ಸಡಿಲಿಸಿ, ಅದರ ಚಿಕ್ಕ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತುತ್ತ, ಗುಳ್ಳೆಗಳೆಲ್ಲ ಹೋಗಿ ಎಣ್ಣೆ ತಿಳಿಯಾಗಿ ಬರುವ ತನಕ ಕಾದು, ಬಿಗಿದು, ಹ್ಯಾಂಡಲ್ ಹೊಡೆದರು. ಗಟ್ಟಿಮೇಳಕ್ಕೂ ದೀಪಕ್ಕೂ ಒಂದೇ ಮುಹೂರ್ತವಾಯಿತು. ನಾನು ಕೈಮುಗಿದೆ.

"ಇಂಜಿನ್ ಕೆಟ್ಟಿರ್ಲಿಲ್ಲ ಮ್ಯಾನೇಜ್ರೇ," ಎಂದರು. "ನೀವು ಹೆದರ್ಕೊಂಡಿದ್ರಿ, ಅಷ್ಟೇ."

ಹೋದ ಆಷಾಢದಲ್ಲಿ ಛತ್ರದ ಕಮಿಟಿಯವರು ಜನರೇಟರು ಬದಲಾಯಿಸಿದರು. ಅಕ್ಕಪಕ್ಕದ ಮನೆಯವರಿಗೆ ಹೊಗೆ, ಸದ್ದು ಸಾಕಾಗಿತ್ತು, ಅವರದೂ ತಪ್ಪಲ್ಲ. ಹೊಸದು ಬೀರುವಿನಂಥ ಪೆಟ್ಟಿಗೆಯೊಳಗೆ ಬೀಗ ಹಾಕಿಕೊಂಡು ಬಂತು. ಕರೆಂಟು ಹೋದರೆ ತಾನೇ ಶುರುವಾಗುತ್ತದೆ, ಬಂದರೆ ತಾನೇ ನಿಲ್ಲುತ್ತದೆ. ರುದ್ರಪ್ಪನವರಿಗೆ ತಿಳಿಸುವ ಕೆಲಸ ನನ್ನದಾಗಿತ್ತು. ನಾಳೆ ಹೇಳೋಣ, ಫೋನಿನಲ್ಲಿ ಬೇಡ, ಖುದ್ದಾಗಿ ಹೋಗೋಣ ಎಂದು ಒಂದು ತಿಂಗಳು ಚಿಂತಿಸಿದೆ. ಹೇಳಲಿಲ್ಲ.

ಶ್ರಾವಣದ ಮೊದಲ ಮದುವೆಯ ಹಿಂದಿನ ದಿನ ಮೈ ಸರಿಯಿಲ್ಲವೆಂದು ಬಾರದವರು, ಮಾರನೆಯ ದಿನ ಮುಹೂರ್ತಕ್ಕೆ ಮೊದಲೇ ಚೀಲ ಹಿಡಿದು ಬಂದರು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಶೆಡ್ಡಿನ ಮುಂದೆ ನಿಂತು ಪೆಟ್ಟಿಗೆಯನ್ನು ನೋಡಿದರು. ನಾನು ಕಮಿಟಿ, ಅಕ್ಕಪಕ್ಕದವರು ಎಂದೇನೇನೋ ತೊದಲಿದೆ. ಅವರು ಸ್ಕ್ರೂಡ್ರೈವರು ತೆಗೆದು, ಒತ್ತಲು ಜಾಗ ಹುಡುಕಿ, ತಗಡಿಗೇ ಒತ್ತಿ ಹಲ್ಲಲ್ಲಿ ಕಚ್ಚಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಇಂಜಿನ್ನು ತಾನೇ ಶುರುವಾಯಿತು.

"ಚೆನ್ನಾಗೈತೆ," ಎಂದರು. "ಯಾವಾಗ ಎಷ್ಟು ಹನಿ ಬೇಕು ಅಂತ ಇದರಲ್ಲಿ ಕಂಪ್ಯೂಟ್ರೇ ನೋಡ್ಕೊಳ್ತದೆ."

ಆದರೂ ಧಾರೆ ಮುಗಿಯುವ ತನಕ ಅಲ್ಲೇ ನಿಂತಿದ್ದರು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕೈಗೆ ಸೋಪು ಹಚ್ಚಿಕೊಂಡರು. ಹಚ್ಚಿಕೊಂಡ ಮೇಲೆ ಕೈ ತಿರುಗಿಸಿ ನೋಡಿದರು. ಒಂದು ಚುಕ್ಕೆ ಎಣ್ಣೆಯೂ ಇರಲಿಲ್ಲ. ಪಂಚೆಗೆ ಒರೆಸಿಕೊಂಡು ಗೇಟಿನ ಕಡೆ ನಡೆದರು. ನಾನು ಓಡಿಹೋಗಿ, ಊಟ ಮಾಡಿಕೊಂಡು ಹೋಗಿ ಎಂದೆ.

"ಯಾವ ಕಡೆಯೋನು ಅಂತ ಕೂತ್ಕೊಳ್ಳಲಿ ಮ್ಯಾನೇಜ್ರೇ? ಹೆಣ್ಣಿನ ಕಡೆಯೋನಲ್ಲ, ಗಂಡಿನ ಕಡೆಯೋನಲ್ಲ. ಇಷ್ಟು ವರ್ಷ ಇಂಜಿನ್ ಕಡೆಯೋನು ಅಂತ ಕೂತ್ಕೊಂತಿದ್ದೆ."

ಕೈ ಹಿಡಿದು ಕೂರಿಸಬಹುದಿತ್ತು. ಅಷ್ಟರಲ್ಲಿ ಒಳಗಿನಿಂದ ಯಾರೋ ಪಾಯಸ ಸಾಲದೆಂದು ಕೂಗಿದರು. ನಾನು ಪಾಯಸದ ಕಡೆ ಓಡಿದೆ.

ನಾಲ್ಕು ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಮಂಚಕ್ಕೆ ಒರಗಿದ್ದರು, ಮೂಗಿಗೆ ಆಕ್ಸಿಜನ್ ನಳಿಕೆ, ಪಕ್ಕದಲ್ಲಿ ಅದರ ಮೆಷಿನ್ನು. ಅಷ್ಟು ವರ್ಷದ ಹೊಗೆ ಎದೆಯಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದ್ದರಂತೆ. ಕ್ಷಮೆ ಕೇಳಲು ಹೋದವನು, ಅವರನ್ನು ಖುಷಿಪಡಿಸೋಣವೆಂದು ಸುಳ್ಳು ಹೇಳಿದೆ: ಹೊಸ ಇಂಜಿನ್ನು ಸರಿಯಾಗಿ ಓಡುತ್ತಿಲ್ಲ, ನೀವಿಲ್ಲದೆ ಆಗುವುದಿಲ್ಲ.

ಅವರ ಕಣ್ಣು ಪೂರ್ತಿ ತೆರೆಯಿತು.

"ಹೊಗೆ ಯಾವ ಬಣ್ಣ?"

ಇದಕ್ಕೆ ಸಿದ್ಧನಾಗಿ ಹೋಗಿರಲಿಲ್ಲ. ಕಪ್ಪು ಎಂದೆ.

"ಕಪ್ಪಾ? ಹಂಗಾದ್ರೆ ಉಸಿರು ಸಾಲ್ತಿಲ್ಲ ಅದಕ್ಕೆ. ಎಣ್ಣೆ ಎಷ್ಟು ಸುರಿದ್ರೂ ಅಷ್ಟೇ, ಗಾಳಿ ಬೇಕು." ನಳಿಕೆಯನ್ನು ಸರಿಮಾಡಿಕೊಂಡು ಒಂದು ನಿಮಿಷ ದಣಿವಾರಿಸಿಕೊಂಡರು. "ಶುಕ್ರವಾರ ಬರ್ತೀನಿ. ಅಲ್ಲಿ ತನಕ ಯಾರಿಗೂ ಮುಟ್ಟೋಕೆ ಬಿಡ್ಬೇಡಿ."

ಬಾಗಿಲ ತನಕ ಬಂದ ಅವರ ಹೆಂಡತಿ ದನಿ ತಗ್ಗಿಸಿ, ವಾರದಿಂದ ಒಂದು ಮಾತೂ ಆಡಿರಲಿಲ್ಲ, ಇವತ್ತು ಎದ್ದು ಕೂತರು ಎಂದರು. ಆಮೇಲೆ ಕೇಳಿದರು: "ನಿಜವಾಗ್ಲೂ ಕೆಟ್ಟೈತಾ ಸ್ವಾಮಿ?"

ಹೌದೆಂದು ತಲೆಯಾಡಿಸಿದೆ.

ಗುರುವಾರ ಬೆಳಿಗ್ಗೆ ಫೋನು ಬಂತು. ಮಣ್ಣು ಮುಗಿಸಿ ಬಂದ ಮೇಲೆ ಆಕೆ ನನ್ನ ಕೈಗೆ ಬಟ್ಟೆಯಲ್ಲಿ ಸುತ್ತಿದ ಸ್ಕ್ರೂಡ್ರೈವರು ಕೊಟ್ಟರು. ಬುಧವಾರವೇ ಅದನ್ನು ತೆಗೆಸಿಕೊಂಡು, ಒರೆಸಿ, ದಿಂಬಿನ ಪಕ್ಕ ಇಟ್ಟುಕೊಂಡಿದ್ದರಂತೆ.

ಶುಕ್ರವಾರ ಮದುವೆಯಿತ್ತು. ಧಾರೆಯ ಹೊತ್ತಿಗೆ ಶೆಡ್ಡಿಗೆ ಹೋಗಿ, ಪೆಟ್ಟಿಗೆಯ ತಗಡಿಗೆ ಸ್ಕ್ರೂಡ್ರೈವರು ಒತ್ತಿ, ಹಿಡಿಯನ್ನು ಕಚ್ಚಿದೆ. ಮರದಲ್ಲಿ ಅವರ ಹಲ್ಲಿನ ಗುಳಿಗಳಿದ್ದವು. ನನ್ನ ಹಲ್ಲು ಅವುಗಳಲ್ಲಿ ಸರಿಯಾಗಿ ಕೂರಲಿಲ್ಲ. ಒಳಗೆ ಎಲ್ಲೋ ದೂರದಲ್ಲಿ ಸಣ್ಣಗೆ, ತಪ್ಪಿಲ್ಲದೆ, ಏನೋ ಗುಂಯ್‌ಗುಟ್ಟುತ್ತಿತ್ತು. ಧಾರೆ ಮುಗಿಯುವ ತನಕ ಹಾಗೇ ನಿಂತಿದ್ದೆ.

ಕೈ ತೊಳೆಯಲು ಬಂದ ಹೆಣ್ಣಿನ ಕಡೆಯ ಹಿರಿಯರೊಬ್ಬರು ನನ್ನನ್ನು ವಿಚಿತ್ರವಾಗಿ ನೋಡಿ, "ಯಾಕೆ ಸ್ವಾಮಿ, ಕರೆಂಟ್ ಏನಾದ್ರೂ ಹೋಗಿದ್ಯಾ?" ಎಂದರು.

ಹೋಗಿ ಮುಕ್ಕಾಲು ಗಂಟೆಯಾಯಿತು ಎಂದೆ.

"ಹೌದಾ?" ಎಂದರು ಸಂತೋಷದಿಂದ. "ಗೊತ್ತೇ ಆಗ್ಲಿಲ್ಲ ನೋಡಿ."