ವಹಿಯಲ್ಲಿಲ್ಲದ ಮಾತು

ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಹಂಸಭಾವಿ ಕಡೆಯ ಬಯಲಾಟಗಳೆಲ್ಲ ಹಗಲಿಗೆ ಬಂದಿದ್ದವು.

ನಮ್ಮೂರಲ್ಲಿ ಪಾತ್ರಗಳು ಹೊಲದಂತೆ ಮನೆತನಕ್ಕೆ ಸೇರಿದ್ದವು. ರಾಜನಾದ ಅಣ್ಣ, ಅವನು ಕಾಡಿಗಟ್ಟಿದ ತಮ್ಮ, ಎರಡೂ ನಮ್ಮ ಮನೆಯವು. ಅಣ್ಣನ ವೇಷ ದೊಡ್ಡಪ್ಪನದು, ತಮ್ಮನದು ನಮ್ಮಪ್ಪನದು. ಮನೆ ಪಾಲಾಗಿ ನಡುವೆ ಗೋಡೆ ಎದ್ದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದರು. ಪಾತ್ರ ಬಿಡುವಂತಿರಲಿಲ್ಲ, ಬಿಟ್ಟರೆ ಅದು ಬೇರೆ ಮನೆಗೆ ಹೋಗುತ್ತಿತ್ತು.

ಅಪ್ಪನಿಗೆ ಓದು ಬಾರದು. ಮೂರನೆಯ ಇಯತ್ತೆಯಲ್ಲಿದ್ದ ನಾನು ಆಟದ ಮಾತು ಬರೆದಿಟ್ಟ ವಹಿ ಹಿಡಿದು ಓದುತ್ತಿದ್ದೆ, ಅವನು ಶೇಂಗಾ ಸುಲಿಯುತ್ತ ಒಪ್ಪಿಸುತ್ತಿದ್ದ. ತಮ್ಮ ಅಣ್ಣನ ಕಾಲಿಗೆ ಬೀಳುವ ಜಾಗ ಬಂದರೆ ಸಾಕು, ತಡವರಿಸುತ್ತಿದ್ದ.

"ಅಪ್ಪಾ, ಕಾಡಿಗಟ್ಟಿದಾಂವ ಅಣ್ಣ. ತಪ್ಪಾತು ಅಂತ ತಮ್ಮ ಯಾಕ ಅಂತಾನ?"

"ಸಣ್ಣಾಂವ ಅದಾನಲ್ಲ, ಅದಕ್ಕ. ಮುಂದಿಂದು ಓದು."

ಆ ಉತ್ತರ ನನಗೆ ಸರಿಬೀಳಲಿಲ್ಲ. ಅವ್ವನನ್ನು ಕೇಳಿದೆ.

"ಅಣ್ಣ ಕೆಟ್ಟಾಂವ ಅಲ್ಲವ್ವಾ," ಎಂದಳು ರೊಟ್ಟಿ ಬಡಿಯುತ್ತ. "ಮಂದಿ ಮಾತು ಕೇಳಿ ಅಟ್ಟಿದ. ಈಗ ತಾನಾಗಿ ಕರೀಬೇಕಂದ್ರ ದೊಡ್ಡಸ್ತಿಕಿ ಅಡ್ಡ ಬರತೈತಿ."

ಅಂದಿನಿಂದ ಗೋಡೆಯಾಚೆ ದೊಡ್ಡಪ್ಪ ಕೆಮ್ಮಿದರೂ ನನಗೆ ರಾಜನೇ ಕೆಮ್ಮಿದಂತಾಗುತ್ತಿತ್ತು. ಆಟದಲ್ಲಿ ಕೂಡಿದವರು ಮನೆಯಲ್ಲೂ ಕೂಡುತ್ತಾರೆ, ದೊಡ್ಡಪ್ಪನ ಮಗಳು ಗಂಗಿಯ ಜೊತೆ ಮತ್ತೆ ಕುಂಟಾಟ ಆಡಲು ಬಿಡುತ್ತಾರೆ ಎಂದು ನಂಬಿಕೊಂಡೆ.

ಆಟದ ದಿನ ಎಲ್ಲೆಲ್ಲೂ ಮುಖಕ್ಕೆ ಬಳಿಯುವ ಅರದಾಳ, ಕೊಬ್ಬರಿ ಎಣ್ಣೆಯ ವಾಸನೆ. ಅಪ್ಪ ಕಾಲಿಗೆ ಬಿದ್ದು, "ಅಣ್ಣಾ, ನನ್ನದೇ ತಪ್ಪು," ಎಂದ. ವಹಿಯ ಪ್ರಕಾರ ಅಣ್ಣ ಮುಖ ತಿರುಗಿಸಬೇಕು, ತಾಯಿ ಬಂದು ಇಬ್ಬರನ್ನೂ ಕೂಡಿಸಬೇಕು. ದೊಡ್ಡಪ್ಪ ಮುಖ ತಿರುಗಿಸಲಿಲ್ಲ. ಬಗ್ಗಿ ಅಪ್ಪನ ತೋಳು ಹಿಡಿದ.

"ಏಳೋ ತಮ್ಮಾ. ಮೊಣಕಾಲ ಬ್ಯಾನಿ ಹೆಂಗೈತಿ?"

ತಾಯಿಯ ವೇಷ ಹಾಕಿದ್ದ ಬಡಿಗೇರ ಕಾಳಪ್ಪ ಪರದೆಯ ಹಿಂದಿನಿಂದ, "ಏ, ನಾ ಇನ್ನೂ ಬಂದಿಲ್ರೀ!" ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು.

ಮರುದಿನ ಬಾವಿಯ ಹತ್ತಿರ ಇಬ್ಬರೂ ಎದುರಾದರು. ತಲೆ ತಗ್ಗಿಸಿ ದಾಟಿ ಹೋದರು.

"ನಿನ್ನೆ ಮಾತಾಡಿದ್ರಲ್ಲ?" ಎಂದೆ.

"ಅದು ಆಟದಾಗ," ಎಂದ ಅಪ್ಪ.

"ಮೊಣಕಾಲಿಂದು ವಹಿಯೊಳಗ ಇಲ್ಲಲ್ಲ?"

ಅಪ್ಪ ಹಗ್ಗ ಸುತ್ತುತ್ತ ನಡೆದುಬಿಟ್ಟ. ಗಂಗಿಯ ಮನೆಗೆ ನಾನು ಹೋಗುವಂತಾಗಲಿಲ್ಲ.

ಸಾಯುವ ತನಕ ಅವರು ಮನೆಯಲ್ಲಿ ಮಾತಾಡಲಿಲ್ಲ. ಆದರೆ ಪ್ರತಿ ವರ್ಷ ಆಟದ ಆ ಜಾಗದಲ್ಲಿ ಒಂದೆರಡು ಹೆಚ್ಚಿನ ಮಾತು ಬರುತ್ತಿದ್ದವು: ಎತ್ತು ಸತ್ತದ್ದು, ಅವ್ವನ ಜ್ವರ, ನನ್ನ ಮದುವೆ. ಕಾಳಪ್ಪ ಪರದೆಯ ಹಿಂದೆ ಸುಮ್ಮನೆ ಕಾಯುವುದನ್ನು ಕಲಿತ.

ಈಗ ಊರಲ್ಲಿ ಆಟವಿಲ್ಲ. ನನಗೂ ನನ್ನ ತಮ್ಮನಿಗೂ ಮಾತು ನಿಂತು ಆರು ವರ್ಷ. ಅವನ ಮೊಮ್ಮಗಳ ಹೆಸರು ನನಗೆ ಗೊತ್ತಿಲ್ಲ.