ಅಟ್ಟದ ಮೇಲಿನ ಹಿರಿಯರು

ನಮ್ಮೂರಿಗೆ ನಾನು ಗಣ್ಯ ವ್ಯಕ್ತಿ. ತಲೆ ನೆರೆದಿದೆ, ಹಿಂದೆ ಹಾಲಿನ ಡೈರಿಗೆ ಅಧ್ಯಕ್ಷನಾಗಿದ್ದೆ, ಹೊರಗೆ ಹೊರಟರೆ ಬಿಳಿ ಪಂಚೆ ಉಡುತ್ತೇನೆ. ತುರುವೇಕೆರೆ ಕಡೆ ಗಣ್ಯನಾಗಲು ಇಷ್ಟು ಸಾಕು. ಯಾರ ಮನೆಗೆ ಹೆಣ್ಣು ನೋಡಲು ಹೋದರೂ ಕಾರಿನ ಮುಂದಿನ ಸೀಟು ನನ್ನದೇ. ಬದುವಿನ ಜಗಳಕ್ಕೂ ನಾನೇ ಬೇಕು. ಪಂಚೆಗೆ ನೀಲಿ ಹಾಕಿ ಸಾಯುವವಳು ನಾನು, ಕೈ ಮುಗಿಸಿಕೊಳ್ಳುವವರು ಮಾತ್ರ ನೀವು ಎಂದು ನನ್ನ ಹೆಂಡತಿ ಆಗಾಗ ಅನ್ನುವುದುಂಟು. ಅವಳ ಮಾತನ್ನು ನಾನು ಕೇಳಿಸಿಕೊಂಡಂತೆ ತೋರಿಸಿಕೊಳ್ಳುವುದಿಲ್ಲ.

ಹೋದ ವರ್ಷ ಒಂದು ದಿನ ಬೆಳಿಗ್ಗೆ ಅಟ್ಟ ಹತ್ತಿದ್ದೆ. ನಮ್ಮ ಕಡೆ ಕಾಯಿಯನ್ನು ಸಿಪ್ಪೆಸಮೇತ ತಿಂಗಳುಗಟ್ಟಲೆ ಅಟ್ಟದಲ್ಲೇ ಬಿಟ್ಟು ಕೊಬ್ಬರಿ ಮಾಡುತ್ತೇವೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಲೊಟಲೊಟ ಅನ್ನಬೇಕು, ಆಗ ಒಣಗಿದೆ ಎಂದು ಲೆಕ್ಕ. ಆ ದೂಳಿಗೆ ಬಿಳಿ ಪಂಚೆ ಯಾಕೆ ಎಂದು ತೇಪೆ ಹಾಕಿದ ಪಟ್ಟಾಪಟ್ಟಿ ಚಡ್ಡಿಯಲ್ಲೇ ಇದ್ದೆ.

ಅಷ್ಟರಲ್ಲಿ ಕೆಳಗೆ ಅಣ್ಣತಮ್ಮಂದಿರಿಬ್ಬರು ಬಂದರು. ಅವರಿಬ್ಬರ ತೋಟದ ನಡುವಿನ ಬದುವಿನ ಮೇಲೆ ಅವರಪ್ಪ ನೆಟ್ಟ ತೆಂಗಿನಮರವೊಂದಿದೆ. ಅದು ಯಾರದೆಂದು ವರ್ಷದಿಂದ ಜಗಳ, ಮಾತುಕತೆಯೂ ಬಂದ್. ಆ ನ್ಯಾಯ ನನ್ನ ಹತ್ತಿರವೇ ಇತ್ತು, ಆ ವಾರ ಬರಲು ಇಬ್ಬರಿಗೂ ನಾನೇ ಹೇಳಿದ್ದೆ. ಚಡ್ಡಿಯಲ್ಲಿರುವ ಹಿರಿಯರನ್ನು ತೋರಿಸಲು ಹೆಂಡತಿಗೆ ಮನಸ್ಸಾಗಲಿಲ್ಲ. ತಿಪಟೂರಿಗೆ ಹೋಗಿದ್ದಾರೆ ಎಂದುಬಿಟ್ಟಳು. ಅವರು ಹೊರಟುಹೋಗುವ ಬದಲು, ಸ್ವಲ್ಪ ಕಾಯುತ್ತೇವೆ ಎಂದು ಸರಿಯಾಗಿ ನನ್ನ ಕೆಳಗೇ ಕೂತರು. ಅವಳು ಕಾಫಿ ಕಾಸಲು ಒಳಗೆ ಹೋದಳು.

ಕೈಯಲ್ಲಿದ್ದ ಕಾಯಿಯನ್ನು ಕೆಳಗಿಡುವಂತಿಲ್ಲ, ಅಲ್ಲಾಡಿಸುವಂತೆಯೂ ಇಲ್ಲ. ಮೂಗಿನೊಳಗೆ ದೂಳು. ಕೆಮ್ಮಿದರೆ ಇಷ್ಟು ವರ್ಷದ ಮರ್ಯಾದೆ ಮಣ್ಣುಪಾಲು. ಬಿದಿರ ಗಳುಗಳ ಸಂದಿನಿಂದ ಮಾತೆಲ್ಲ ಕೇಳುತ್ತಿತ್ತು.

"ಇವ್ರು ಹೇಳೋದು ಗೊತ್ತಿರೋದೇ ಕಣಣ್ಣ," ಕಾದು ಬೇಸತ್ತು ತಮ್ಮನೇ ಮೊದಲು ಬಾಯಿಬಿಟ್ಟ. "ನೀನೂ ಸರಿ, ನೀನೂ ಸರಿ, ಮುಂದಿನ ವಾರ ಬನ್ನಿ."

ಅಣ್ಣ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಆದರೆ ತಮ್ಮ ಹೇಳಿದ್ದು ಸುಳ್ಳಲ್ಲ. ಯಾರ ಮನಸ್ಸೂ ನೋಯಬಾರದೆಂದು ನಾನು ಇದುವರೆಗೆ ಯಾವ ನ್ಯಾಯವನ್ನೂ ತೀರಿಸಿರಲಿಲ್ಲ.

ಆಮೇಲೆ ಅಣ್ಣ, ಅವ್ವನನ್ನು ನೋಡಿಕೊಳ್ಳುತ್ತಿರುವವನು ನೀನು, ಮರ ನೀನೇ ಇಟ್ಟುಕೋ ಅಂದ. ತಮ್ಮ, ಹಾಗಾದರೆ ಎಳನೀರು ನಿನ್ನ ಮಕ್ಕಳಿಗೂ ಸೇರಲಿ ಅಂದ. ವರ್ಷದ ಜಗಳ ಕಾಫಿ ಬರುವಷ್ಟರಲ್ಲಿ ಮುಗಿದೇಹೋಯಿತು. ಕಾಫಿ ಕುಡಿದು ಎದ್ದ ಅಣ್ಣ ಬಾಗಿಲ ಹತ್ತಿರ ನಿಂತ.

"ಇದ್ನ ಯಾರ್ಗೂ ಹೇಳ್ಬೇಡ ಕಣ್ಲಾ. ನಾವ್ನಾವೇ ಮುಗಿಸ್ಕೊಂಡ್ವಿ ಅಂದ್ರೆ ಪಾಪ, ಅವ್ರಿಗೆ ಬೇಜಾರಾಯ್ತದೆ. ಸಂಜೆ ಬಂದು ಅವ್ರ ಬಾಯಲ್ಲೇ ಹೇಳಿಸ್ಕಳಾನ ಬುಡು."

ಅವರು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಪಾಪ' ಅನ್ನುವ ಮಾತು ಮಾತ್ರ ತಡೆಯಲಾಗಲಿಲ್ಲ.

ಸಂಜೆ ಇಸ್ತ್ರಿ ಮಾಡಿದ ಪಂಚೆ ಉಟ್ಟು ಜಗಲಿಯಲ್ಲಿ ಕೂತೆ. ಇಬ್ಬರೂ ಬಂದು, ಏನೂ ತೀರ್ಮಾನವಾಗದವರ ಹಾಗೆ ಮುಖ ಗಂಟು ಹಾಕಿಕೊಂಡು ದೂರ ದೂರ ಕೂತರು. ನನ್ನನ್ನು ಆ ತೀರ್ಮಾನದ ದಾರಿಗೆ ತರಲು ಅವ್ವನ ಮಾತನ್ನು ತಮ್ಮ ತೆಗೆಯುವವನಿದ್ದ. ಅಷ್ಟರಲ್ಲಿ ನಾನೇ, ಮರ ತಮ್ಮನಿಗೆ, ಎಳನೀರು ಅಣ್ಣನ ಮಕ್ಕಳಿಗೂ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಮ್ ಮನಸ್ನಾಗಿದ್ದಿದ್ದು ನಿಮ್ಗೆ ಹೆಂಗ್ ಗೊತ್ತಾಯ್ತಣ್ಣ?" ಅಂದ ಅಣ್ಣ. ಅವನ ಕಣ್ಣಲ್ಲಿ ನೀರಿತ್ತು.

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವನು ತಮ್ಮನ ಹೆಗಲ ಮೇಲೆ ಕೈ ಹಾಕಿದ್ದ. ನಾಚಿಕೆ ನುಂಗಿಕೊಂಡು, ವಯಸ್ಸಾದ ಮೇಲೆ ಗೊತ್ತಾಗುತ್ತದಪ್ಪ ಅಂದೆ. ಇಬ್ಬರೂ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದರು. ಇನ್ನೊಬ್ಬರಿಗೆ ಬೇಜಾರಾಗದ ಹಾಗೆ ನ್ಯಾಯ ತೀರಿಸುವುದು ಹೇಗೆಂದು ಆ ಇಬ್ಬರೇ ನನಗೆ ತೋರಿಸಿಕೊಟ್ಟಿದ್ದರು.